ಮೇನ್ ಸ್ವಿಚ್ ಆರಿಸದ ಮಾರ್ಚ್

ಕಾದ ಧೂಳಿಗೆ ಒಂದು ವಾಸನೆಯಿದೆ. ಹಳೆಯ ಕಂಪ್ಯೂಟರ್ ಹಾಕಿ ಹತ್ತು ನಿಮಿಷವಾದ ಮೇಲೆ ಅದರ ಬೆನ್ನಿಂದ ಬರುತ್ತದಲ್ಲ, ಸ್ವಲ್ಪ ಇಸ್ತ್ರಿಪೆಟ್ಟಿಗೆಯ ಹಾಗೆ, ಸ್ವಲ್ಪ ಹಳೇ ರೇಡಿಯೋದ ಹಾಗೆ, ಅದು. ಹೋದ ವಾರ ಯಾದವಗಿರಿಯ ನಮ್ಮ ರೀಡಿಂಗ್ ರೂಮಿಗೆ ಹೋದಾಗ ಆ ವಾಸನೆ ಮೂಗಿಗೆ ಬಂದು ಬಾಗಿಲಲ್ಲೇ ನಿಂತುಬಿಟ್ಟೆ. ಹಳೆಯ ಸಾಮಾನನ್ನೆಲ್ಲ ಈ-ವೇಸ್ಟಿಗೆ ಹಾಕುತ್ತಿದ್ದೇವೆ, ಕೊನೇ ಸಲ ಬಂದು ನೋಡಿಹೋಗಿ ಮೇಡಮ್ ಅಂತ ಟ್ರಸ್ಟಿನವರು ಫೋನ್ ಮಾಡಿದ್ದರು. ಕಂಪ್ಯೂಟರನ್ನೂ ಮುಖದರ್ಶನಕ್ಕೆ ಇಡುತ್ತಾರಾ ಅಂತ ನಗಾಡಿಕೊಂಡೇ ಹೋದವಳು ನಾನು. ಗೇಟಿನ ಹತ್ತಿರ ಲಗೇಜ್ ಆಟೋ ನಿಂತಿತ್ತು. ಒಳಗೆ ಯಾರೋ ಆಗತಾನೇ ಕಂಪ್ಯೂಟರ್ ಆರಿಸಿರಬೇಕು, ಪರದೆಯಿನ್ನೂ ಬೆಚ್ಚಗಿತ್ತು. ಸ್ಟೂಲ್ ಎಳೆದುಕೊಂಡು ಕೂತೆ. ಮೂರು ವರ್ಷದ ಹಿಂದಿನ ಆ ಮಾರ್ಚ್ ತಿಂಗಳು ಪೂರ್ತಿಯಾಗಿ ಎದ್ದು ಬಂತು.

ರೀಡಿಂಗ್ ರೂಮ್ ಅನ್ನುವುದು ದೊಡ್ಡ ಹೆಸರು. ನಿಜಕ್ಕೂ ಅದೊಂದು ಬಂಗಲೆಯ ಹಿಂದಿನ ಗ್ಯಾರೇಜ್. ಬಂಗಲೆಯನ್ನು ಟ್ರಸ್ಟಿನವರು ಕಣ್ಣು ಕಾಣದ ಹೆಣ್ಣುಮಕ್ಕಳ ಹಾಸ್ಟೆಲ್ ಮಾಡಿದ್ದರು. ಎರಡಕ್ಕೂ ನಡುವೆ ಒಂದು ಸಂಪಿಗೆ ಮರ, ಒಂದು ನೀರಿನ ತೊಟ್ಟಿ, ಬಟ್ಟೆ ಒಣಗಿಸುವ ತಂತಿ. ಆ ಗ್ಯಾರೇಜಿನಲ್ಲಿ ನಾನೂ ನನ್ನ ಗೆಳತಿ ಲೀಲಾಳೂ ಹನ್ನೊಂದು ವರ್ಷ ಕೂತು ಹಾಸ್ಟೆಲ್ ಹುಡುಗಿಯರಿಗೋಸ್ಕರ ಟೆಕ್ಸ್ಟ್‌ಬುಕ್ ರೆಕಾರ್ಡ್ ಮಾಡಿದೆವು. ಓದುವವಳು ಲೀಲಾ. ಹೆಡ್‌ಫೋನ್ ಹಾಕಿಕೊಂಡು ಬಟನ್ ಒತ್ತುವವಳು, ರೈಲು ಬಂದಾಗ ಕೈ ಎತ್ತಿ ನಿಲ್ಲಿಸುವವಳು, ಆಮೇಲೆ ಕೆಮ್ಮು, ಕೋಗಿಲೆ, ಕುಕ್ಕರಿನ ವಿಷಲ್ ಎಲ್ಲ ಕತ್ತರಿಸಿ ತೆಗೆಯುವವಳು ನಾನು.

ಹಾಗೆ ಹಂಚಿಕೊಂಡದ್ದಕ್ಕೆ ಕಾರಣವಿತ್ತು. ನಾವಿಬ್ಬರೂ ಒಂದೇ ಕಾನ್ವೆಂಟಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅಲ್ಲಿ ಕನ್ನಡ ಮಾತಾಡಿ ಸಿಕ್ಕಿಬಿದ್ದವಳ ಕೈಗೆ ಒಂದು ಮರದ ಬಿಲ್ಲೆ ಕೊಡುತ್ತಿದ್ದರು. ಸಂಜೆ ಬೆಲ್ ಹೊಡೆದಾಗ ಅದು ಯಾರ ಹತ್ತಿರ ಇರುತ್ತೋ ಅವಳು ಇಂಪೊಸಿಷನ್ ಬರೆಯಬೇಕು. ನಾನು ಆ ಬಿಲ್ಲೆಗೆ ಹೆದರಿ ಕನ್ನಡವನ್ನೇ ಬಿಟ್ಟೆ. ಲೀಲಾ ಬಿಲ್ಲೆಯನ್ನು ಜಡೆಗೆ ಸಿಕ್ಕಿಸಿಕೊಂಡು ಓಡಾಡಿದಳು. ಅವಳ ತಾತ ಅರಮನೆ ಕಚೇರಿಯಲ್ಲಿ ಗುಮಾಸ್ತರು, ಮೊಮ್ಮಗಳ ಕೈಲಿ ದಿನಾ ಸಂಜೆ ಗಟ್ಟಿಯಾಗಿ ಓದಿಸುತ್ತಿದ್ದರು. ಹೀಗಾಗಿ ಎಪ್ಪತ್ತರ ಹತ್ತಿರ ಬಂದಾಗಲೂ ಅವಳ ಕನ್ನಡ ತೊಳೆದಿಟ್ಟ ಹಿತ್ತಾಳೆ ಚೊಂಬಿನ ಹಾಗಿತ್ತು. ನನ್ನದು ಬರೆಯಲು ಪರವಾಗಿಲ್ಲ. ಗಟ್ಟಿಯಾಗಿ ಓದಿದರೆ ಮಾತ್ರ ಕೇಳುವವರು ನೆಲ ನೋಡುತ್ತಾರೆ.

ಕಾನ್ವೆಂಟಿನಿಂದ ಇಬ್ಬರಿಗೂ ಅಂಟಿಕೊಂಡ ಇನ್ನೊಂದು ಅಭ್ಯಾಸವಿತ್ತು. ರೂಮಿನಿಂದ ಕೊನೆಗೆ ಹೊರಡುವ ಹುಡುಗಿ ಎಲ್ಲ ಸ್ವಿಚ್ ಆರಿಸಿಯೇ ಹೊರಡಬೇಕು. ಬೋರ್ಡಿಂಗಿನ ಸಿಸ್ಟರ್ ಕಾರಿಡಾರಿನ ತುದಿಯಲ್ಲಿ ನಿಂತು ನೋಡುತ್ತಿದ್ದರು. ಐವತ್ತೈದು ವರ್ಷ ಕಳೆದರೂ ಆ ಸಿಸ್ಟರ್ ನಮ್ಮ ಬೆನ್ನ ಹಿಂದೆಯೇ ಇದ್ದರು. ಸಂಜೆ ಐದೂವರೆಗೆ ಲೀಲಾ ಪುಸ್ತಕ ಮುಚ್ಚುವುದು, ನಾನು ಎದ್ದು ಗೋಡೆಯ ಮೇನ್ ಸ್ವಿಚ್ ಕೆಳಗೆ ಎಳೆಯುವುದು, ಇಬ್ಬರೂ ಬೀಗ ಹಾಕಿಕೊಂಡು ಹೊರಡುವುದು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಪ್ಪಲಿಲ್ಲ.

ಆ ಮಾರ್ಚಿಗೆ ಹಿಂದಿನ ಡಿಸೆಂಬರಿನಲ್ಲಿ ಲೀಲಾ ಹೋದಳು. ಜ್ವರ ಅಂತ ಮಲಗಿದವಳು ಹನ್ನೆರಡನೆಯ ದಿನ ಇರಲಿಲ್ಲ. ಗ್ಯಾರೇಜಿಗೆ ಬೀಗ ಹಾಕಿ ಕೀಯನ್ನು ಮನೆಗೆ ತಂದು ಸಕ್ಕರೆ ಡಬ್ಬದ ಹಿಂದೆ ಇಟ್ಟೆ.

ಫೆಬ್ರವರಿ ಕೊನೆಯಲ್ಲಿ, ಶಿವರಾತ್ರಿಗೆ ಮುಂಚೆ, ಹೊಂಗೆ ಮರಗಳು ಎಲೆಯೆಲ್ಲ ಉದುರಿಸಿ ನಿಂತಿದ್ದ ಒಂದು ಮಧ್ಯಾಹ್ನ ಸುಕನ್ಯಾ ನನ್ನ ಮನೆ ಹುಡುಕಿಕೊಂಡು ಬಂದಳು. ಗುಂಡ್ಲುಪೇಟೆ ಕಡೆಯ ಹಳ್ಳಿಯವಳು, ಎಂ.ಎ. ಹಿಸ್ಟರಿ ಕೊನೆಯ ವರ್ಷ. ಹಾಸ್ಟೆಲಿನಿಂದ ನಮ್ಮ ಮನೆಗೆ ಮೂರು ತಿರುವು. ಕೋಲು ತಟ್ಟಿಕೊಂಡು ಒಬ್ಬಳೇ ಬಂದಿದ್ದಳು.

“ಜಯಾ ಮಿಸ್, ಕರ್ನಾಟಕ ಚರಿತ್ರೆ ದೊಡ್ಡ ಪುಸ್ತಕನ ಲೀಲಾ ಮಿಸ್ಸು ಪೂರ್ತಿ ಓದಿದ್ರಂತಲ್ಲ. ಅದು ಎಲ್ಲದೆ?”

“ಆ ಹಳೇ ಕಂಪ್ಯೂಟರಲ್ಲಿ ಇದೆಯಮ್ಮ.”

“ಮಾರ್ಚ್ ಇಪ್ಪತ್ತೆಂಟಕ್ಕೆ ಪೇಪರು ಮಿಸ್. ಆ ಪುಸ್ತಕ ಬಿಟ್ರೆ ಬೇರೆ ಇಲ್ಲ.”

ಆ ಪುಸ್ತಕ ಎಂದೋ ಅಚ್ಚಾಗಿ ನಿಂತುಹೋದದ್ದು, ಮೂವತ್ತೆಂಟು ಅಧ್ಯಾಯ. ಈಗ ಪುಟದ ಫೋಟೋ ಹಿಡಿದರೆ ಫೋನೇ ಓದುತ್ತದೆ, ನಿಜ. ಆದರೆ ಆ ಮಸುಕು ಅಚ್ಚನ್ನು ಕೊಟ್ಟರೆ ಫೋನು ಒತ್ತಕ್ಷರಗಳನ್ನೆಲ್ಲ ನುಂಗಿ ಏನೇನೋ ಬಡಬಡಿಸುತ್ತಿತ್ತು. ನಾನೇ ಓದಲೇ ಅಂದೆ. ಮೊದಲನೇ ಅಧ್ಯಾಯದ ನಾಲ್ಕು ಪುಟ ಓದಿ ಕೇಳಿಸಿದೆ. ಸುಕನ್ಯಾ ಮರ್ಯಾದೆಯಿಂದ ಪೂರ್ತಿ ಕೇಳಿದಳು.

“ಏನಮ್ಮ, ಹೇಗಿದೆ?”

“ಚೆನ್ನಾಗದೆ ಮಿಸ್. ಆದ್ರೆ ನೀವು ಓದುದ್ರೆ ಕದಂಬರೂ ಕಾನ್ವೆಂಟ್‌ಗೆ ಹೋಗಿದ್ರು ಅನ್ಸುತ್ತೆ.”

ಇಬ್ಬರೂ ನಕ್ಕೆವು. ಮಾರನೇ ದಿನ ಸಕ್ಕರೆ ಡಬ್ಬದ ಹಿಂದಿನಿಂದ ಕೀ ತೆಗೆದೆ.

ಕಂಪ್ಯೂಟರ್ ಆನ್ ಆಯಿತು, ಅಷ್ಟೇ ಪುಣ್ಯ. ಒಳಗೆ ಡಿಸ್ಕು ಟಿಕ್ ಟಿಕ್ ಅನ್ನುತ್ತಿತ್ತು. ಪೆನ್ ಡ್ರೈವ್ ಚುಚ್ಚಿದರೆ ಗುರುತೇ ಹಿಡಿಯಲಿಲ್ಲ. ಸಿಡಿಯ ಟ್ರೇ ಎಂದೋ ತೆರೆಯುವುದನ್ನು ಬಿಟ್ಟಿತ್ತು. ಹಾಸ್ಟೆಲಿಗೆ ಆ ವರ್ಷ ತಾನೇ ದೊಡ್ಡ ನೆಟ್‌ವರ್ಕ್ ಹಾಕಿಸಿದ್ದರು, ಪ್ರತಿ ರೂಮಿಗೂ ಕನೆಕ್ಷನ್. ಅದರ ಒಂದು ವೈರನ್ನು ಗ್ಯಾರೇಜಿನವರೆಗೂ ಎಳೆದು ಬಿಟ್ಟಿದ್ದರು. ಅದನ್ನು ನಮ್ಮ ಮುದಿ ಯಂತ್ರಕ್ಕೆ ಸಿಕ್ಕಿಸಿದರೆ ಏನೂ ಆಗಲಿಲ್ಲ. ಸಂಪಿಗೆ ಮರದ ಈ ಕಡೆ ಲೀಲಾಳ ದನಿ, ಆ ಕಡೆ ಕೇಳಬೇಕಾದ ಹುಡುಗಿ. ನಡುವೆ ನಲವತ್ತು ಹೆಜ್ಜೆ.

ಹಾಸ್ಟೆಲಿನ ಅಡುಗೆಯ ಸಾಕಮ್ಮ, “ನನ್ ತಮ್ಮನ್ನ ಕರೀತೀನಿ ಇರಿ, ಅವ್ನು ದಿನಾ ಇದೇ ವೈರ್ ಕೆಲ್ಸನೇ ಮಾಡೋದು” ಅಂದಳು. ಹಾಗೆ ಬಂದವರು ಮಾದೇಶ್. ಮಂಡಕಳ್ಳಿಯವರು, ನಲವತ್ತು ದಾಟಿದ ಆಸಾಮಿ. ಹೆಬ್ಬಾಳದ ಒಂದು ದೊಡ್ಡ ಕ್ಯಾಂಪಸ್ಸಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ, ಶಿಫ್ಟ್. ಫಸ್ಟ್ ಶಿಫ್ಟ್ ಮುಗಿಸಿ ಕಂಪನಿ ಬಸ್ ಇಳಿದು ನಾಲ್ಕು ಗಂಟೆಗೆ ನಮ್ಮಲ್ಲಿಗೆ ಬರುತ್ತಿದ್ದರು. ಅವರು ಬರುವ ಹೊತ್ತಿಗೆ ನಾನು ಬಂದು, ಗುಡಿಸಿ, ಎಲ್ಲ ಆನ್ ಮಾಡಿ, ಫ್ಲಾಸ್ಕಿನಲ್ಲಿ ಕಾಫಿ ಇಟ್ಟುಕೊಂಡು ಕೂತಿರುತ್ತಿದ್ದೆ.

ಮೊದಲ ದಿನ ಅವರು ಕಪ್ಪು ಪರದೆಯೊಂದನ್ನು ತೆಗೆದು ಏನೋ ಟೈಪ್ ಮಾಡಿದರು.

“ಇದೇನು ಮಾಡ್ತಾ ಇದೀರಿ?”

“ಕೂಗ್ತಾ ಇವ್ನಿ ಮೇಡಮ್. ನಮ್ ಭಾಷೇಲಿ ಪಿಂಗ್ ಅಂತಾರೆ. ಇಲ್ಲಿಂದ ಕೂ ಅನ್ನೋದು, ಆ ಕಡೆಯೋನು ಓ ಅಂದ್ರೆ ದಾರಿ ಸರಿ ಅದೆ ಅಂತ.”

“ಓ ಅಂದ್ನಾ?”

“ಎಲ್ಲಿ, ಓ ಅಂತಾನೇ ಇಲ್ಲ. ನಿಮ್ ಕಂಪ್ಯೂಟರ್ ನಂಬರು ನೂರಾ ತೊಂಬತ್ತೆರಡ್ರಿಂದ ಶುರುವಾಗುತ್ತೆ. ಹಾಸ್ಟೆಲ್ನೋರದು ಹತ್ತು ಅನ್ನೋ ನಂಬರಿಂದ. ಬೇರೆ ಬೇರೆ ಊರು ಅಂತ ಇಟ್ಕಳಿ. ಹೊರಗಿನ ಊರಿಗೆ ಹೋಗೋದನ್ನ ಯಾರ ಕೈಲಿ ಕೊಡ್ಬೇಕು ಅಂತ ಇದ್ರಲ್ಲಿ ಒಂದು ಬಾಗ್ಲು ಬರ್‍ದವ್ರೆ. ಆ ಬಾಗ್ಲು ಆ ಹಳೇ ಮೋಡೆಮ್ ಪೆಟ್ಗೆ. ಅದು ಸತ್ತು ಎಷ್ಟು ವರ್ಷ ಆಯ್ತು?”

ನಾನು ಮಾನಿಟರಿನ ಅಂಚಿಗೆ ಅಂಟಿಸಿದ್ದ ಚೀಟಿ ನೋಡಿದೆ. ಆ ನಂಬರುಗಳನ್ನು ಲೀಲಾ ತನ್ನ ಗುಂಡು ಅಕ್ಷರದಲ್ಲಿ ಬರೆದಿದ್ದಳು. ಅವಳೇ ಯಾರನ್ನೋ ಫೋನಿನಲ್ಲಿ ಕೇಳಿ ಕೇಳಿ ಒಂದೊಂದೇ ಒತ್ತಿ ಸೆಟ್ ಮಾಡಿದ್ದು, ಆ ದಿನ ಇಬ್ಬರೂ ಗೆದ್ದೆವು ಅಂತ ಮೈಸೂರುಪಾಕು ತಿಂದದ್ದು ನೆನಪಾಯಿತು.

“ಅದನ್ನ ಅಳಿಸಿ ಹೊಸ ಬಾಗ್ಲು ಹಾಕ್ಬುಡ್ಲಾ?”

“ಬೇಡಿ. ಅದು ಲೀಲಾ ಹಾಕಿದ್ದು. ಇರಲಿ. ಬೇರೆ ಏನಾದ್ರೂ ಉಪಾಯ ಮಾಡೋಕಾಗಲ್ವಾ?”

ಎಂಥ ಹುಚ್ಚು ಕೋರಿಕೆ ಅಂತ ಈಗ ಗೊತ್ತಾಗುತ್ತದೆ. ಮಾದೇಶ್ ನಗಲಿಲ್ಲ. ಚೀಟಿಯನ್ನೊಮ್ಮೆ ನೋಡಿ, “ಆಯ್ತು, ಪಕ್ಕದಲ್ಲಿ ಒಂದು ಸಣ್ಣ ದಾರಿ ಕೊಡ್ತೀನಿ. ಹಾಸ್ಟೆಲ್‌ಗೆ ಹೋಗೋದು ಮಾತ್ರ ಈ ವೈರಲ್ಲಿ ಹೋಗು ಅಂತ” ಅಂದು ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿದರು. ಅವರ ತಾತ ಊರಿನ ನೀರಗಂಟಿಯಂತೆ. ಕೆರೆ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ಗುದ್ದಲಿಯಲ್ಲಿ ನೀರು ತಿರುಗಿಸುವ ಕೆಲಸ.

“ನಾನೂ ಅದೇ ಮಾಡ್ತಾ ಇವ್ನಿ, ಗುದ್ಲಿ ಇಲ್ಲ ಅಷ್ಟೇ. ಆದ್ರೆ ಒಂದು ಫರಕ್ಕು ಮೇಡಮ್. ನೀರು ಹೋದ್ರೆ ಹೋಯ್ತು, ವಾಪಸ್ ಬರಲ್ಲ. ಇದು ಹೋಗಿದ್ದೂ ಬರ್ಬೇಕು.”

ನಿಜವಾಗಿ ತೊಂದರೆ ಅಲ್ಲೇ ಇತ್ತು. ಈಗ ನಮ್ಮ ಕೂಗು ಹಾಸ್ಟೆಲ್ ತಲುಪುತ್ತಿತ್ತು. ಅಲ್ಲಿಂದ ಓ ಅನ್ನುವುದಕ್ಕೆ ನಾವು ಎಲ್ಲಿದ್ದೇವೆ ಅಂತ ಅಲ್ಲಿಯ ದೊಡ್ಡ ಪೆಟ್ಟಿಗೆಗೆ ಗೊತ್ತಿರಲಿಲ್ಲ. ಮಾದೇಶ್ ಆ ಕಡೆ ಹೋಗಿ, ವಾರ್ಡನ್ ಹತ್ತಿರ ಕೀ ಇಸಿದುಕೊಂಡು, ಅದಕ್ಕೂ ನಮ್ಮ ದಾರಿ ಹೇಳಿಕೊಟ್ಟು ಬಂದರು. ಬಂದು ಮತ್ತೆ ಕೂಗಿದರು. ಪರದೆಯಲ್ಲಿ ಒಂದರ ಕೆಳಗೆ ಒಂದು ನಾಲ್ಕು ಉತ್ತರ ಬಂತು.

ಪರೀಕ್ಷೆಗೆ ಒಂದು ಅಧ್ಯಾಯ ಕಳಿಸಿ ನೋಡೋಣ ಅಂತ ಕೈಗೆ ಸಿಕ್ಕ ಮೂವತ್ತೊಂದನೆಯದನ್ನು ಎಳೆದು ಹಾಕಿದರು, ಕೆರೆ ಕಾಲುವೆಗಳ ಅಧ್ಯಾಯ. ನಮ್ಮ ಮುದುಕಿ ಯಂತ್ರಕ್ಕೆ ಒಂದು ಅಧ್ಯಾಯ ಸಾಗಿಸಲು ಅರ್ಧ ಗಂಟೆ ಮೇಲೆ ಬೇಕಿತ್ತು. ಅಷ್ಟರಲ್ಲಿ ಐದೂವರೆ. ಮಿಕ್ಕದ್ದನ್ನು ನಾಳೆಯಿಂದ ನೀವೇ ಹೀಗೆ ಎಳೆದು ಹಾಕಿ ಅಂತ ಹೇಳಿಕೊಟ್ಟು ಅವರು ಹೊರಟರು. ನಾನು ಬಾಗಿಲು ಹಾಕಿಕೊಂಡು ಖುಷಿಯಾಗಿ ಮನೆಗೆ ನಡೆದೆ.

ಮಾರನೇ ದಿನ ಒಂದೂ ಹೋಗಲಿಲ್ಲ.

ಎರಡು ದಿನ ಬಿಟ್ಟು ಮಾದೇಶ್ ಬಂದರು. ನೋಡಿದರೆ ಅವರು ಹಾಕಿದ್ದ ಸಾಲೇ ಇಲ್ಲ. ಮತ್ತೆ ಟೈಪ್ ಮಾಡಿದರು, ಸರಿಹೋಯಿತು, ಒಂದು ಅಧ್ಯಾಯ ಹೋಯಿತು, ಐದೂವರೆಯಾಯಿತು. ಮಾರನೇ ದಿನ ಮತ್ತೆ ಇಲ್ಲ. ಹೀಗೆ ಮಾರ್ಚ್ ಮೊದಲ ಎರಡು ವಾರ ಹೋಯಿತು. ಅವರು ವೈರ್ ಬದಲಾಯಿಸಿದರು. ಇಲಿ ಕಡಿದಿದೆಯೇ ಅಂತ ಸಂಪಿಗೆ ಮರದ ಬುಡದವರೆಗೂ ಹುಡುಕಿದರು. “ನಮ್ ಕ್ಯಾಂಪಸ್‌ನಲ್ಲಿ ಎರಡು ಸಾವ್ರ ಮಿಷೀನು ಅವೆ, ಒಂದೂ ಹಿಂಗೆ ಮರೆಯಲ್ಲ” ಅಂತ ಯಂತ್ರದ ತಲೆ ತಟ್ಟಿದರು. ತಾವು ಕಟ್ಟಿದ ದಾರಿ ದಿನಾ ಮಾಯವಾಗುವುದು ಅವರಿಗೆ ಅವಮಾನದ ವಿಷಯವಾಗಿತ್ತು. “ಕೆಲಸ ಬರಲ್ಲ ಅಂದ್ಕಬೇಡಿ” ಅಂತ ಒಂದು ದಿನ ನೆಲ ನೋಡಿಕೊಂಡು ಹೇಳಿದರು.

ನಾನು ಬೇರೆಯದೇ ಯೋಚಿಸುತ್ತಿದ್ದೆ. ಹೇಳಿದರೆ ನಗುತ್ತೀರಿ. ಲೀಲಾಳಿಗೇ ಇಷ್ಟವಿಲ್ಲವೇನೋ, ತನ್ನ ದನಿಯನ್ನು ಈ ಗ್ಯಾರೇಜ್ ಬಿಟ್ಟು ಕಳಿಸುವುದು ಅವಳಿಗೆ ಬೇಡವೇನೋ ಅಂತ. ಅವಳಿಗೆ ಬೇಡವಾಗಿತ್ತೋ ನನಗೋ. ಒಂದೊಂದು ಅಧ್ಯಾಯ ಹೋದಾಗಲೂ ಮನಸ್ಸಿಗೆ ಹಗುರವೂ ಆಗುತ್ತಿತ್ತು, ಏನೋ ಕಳೆದುಕೊಂಡ ಹಾಗೂ ಆಗುತ್ತಿತ್ತು. ಹೆಡ್‌ಫೋನ್ ಹಾಕಿ ಕೇಳಲು ಮಾತ್ರ ಧೈರ್ಯ ಬಂದಿರಲಿಲ್ಲ. ಡಿಸೆಂಬರಿನಿಂದ ಒಂದು ಸಲವೂ ಕೇಳಿರಲಿಲ್ಲ.

ಹದಿನೇಳನೇ ತಾರೀಖು ಮಾದೇಶ್ ಮತ್ತೆ ಕಂಪ್ಯೂಟರ್ ಮುಂದೆ ಕೂತಿದ್ದಾಗ ಸುಕನ್ಯಾ ಬಂದು ಬಾಗಿಲ ಹತ್ತಿರದ ಸ್ಟೂಲಿನಲ್ಲಿ ಕೂತಳು. ಏಳೇ ಅಧ್ಯಾಯ ಹೋಗಿತ್ತು. ಪೇಪರಿಗೆ ಹನ್ನೊಂದು ದಿನ. ಅವಳು ದೂರಲಿಲ್ಲ. ಅದೇ ನನಗೆ ಕಷ್ಟವಾಯಿತು.

“ಮೂವತ್ತೊಂದು ಬಾಯ್‌ಪಾಠ ಆಗೋಯ್ತು ಮಿಸ್” ಅಂದಳು. “ಲೀಲಾ ಮಿಸ್ಸು ಕೊನೇಲಿ ಹೇಳೋದೂ ಬಾಯ್‌ಪಾಠ.”

“ಕೊನೇಲಿ ಏನು ಹೇಳ್ತಾಳೆ?”

“ಕೇಳಿಲ್ವಾ ನೀವು?” ಅಂತ ಫೋನ್ ತೆಗೆದು ಒತ್ತಿದಳು.

ಆ ಕೊನೆಯ ಕೆಲವು ಅಧ್ಯಾಯಗಳ ಬಾಲವನ್ನು ನಾನು ಕತ್ತರಿಸಿರಲಿಲ್ಲ, ಅಷ್ಟರಲ್ಲಿ ಲೀಲಾ ಮಲಗಿದ್ದಳು. ತೂಬು, ಕೋಡಿ, ಕಾಲುವೆ ಅಂತ ಕೊನೆಯ ವಾಕ್ಯ ಮುಗಿಯಿತು. ಪುಸ್ತಕ ಮುಚ್ಚಿದ ಸದ್ದು. ದೂರದಲ್ಲಿ ಸಂಜೆಯ ರೈಲು. ಆಮೇಲೆ ಅವಳು, ಓದುವ ದನಿ ಬಿಟ್ಟು ತನ್ನ ಮಾಮೂಲಿ ದನಿಯಲ್ಲಿ:

“ಆಯ್ತು ಕಣೇ ಜಯಾ. ಮೇನ್ ಆರಿಸು, ಹೊರಡೋಣ.”

ಕುರ್ಚಿ ಸರಿದ ಸದ್ದು. ನನ್ನದೇ ಚಪ್ಪಲಿಯ ಸದ್ದು. ರೆಕಾರ್ಡಿಂಗ್ ನಿಲ್ಲಿಸುವ ಬಟನ್ ಟಕ್ ಅನ್ನುವ ಮೊದಲೇ ನನ್ನ ಕಣ್ಣು ತುಂಬಿ ಬಂದಿತ್ತು. ಸೆರಗಿನಲ್ಲಿ ಮುಖ ಒತ್ತಿಕೊಂಡೆ.

ಮಾದೇಶ್ ಕೀಬೋರ್ಡಿನಿಂದ ಕೈ ತೆಗೆದು ನನ್ನ ಕಡೆ ತಿರುಗಿದರು. ಬಹಳ ಮೆತ್ತಗೆ ಕೇಳಿದರು.

“ಮೇಡಮ್, ಮೇನ್ ಆರಿಸ್ತಿದ್ರಾ ನೀವು?”

“ಆರಿಸದೆ ಮತ್ತೆ?”

“ಈಗ್ಲೂ ಆರಿಸ್ತೀರಾ? ದಿನಾ ಸಂಜೆ?”

“ಹೌದು. ಕೊನೆಗೆ ಹೊರಡೋರು ಆರಿಸಬೇಕಲ್ಲ.”

ಅವರು ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡು ನೆಲದಲ್ಲಿ ಕೂತುಬಿಟ್ಟರು. ಆಮೇಲೆ ನಗಲು ಶುರುಮಾಡಿದರು.

“ಅಯ್ಯೋ ಶಿವನೇ. ನಾನು ಕಟ್ಟಿದ್ದು ಮಣ್ಣಿನ ಬದು ಮೇಡಮ್. ಮಿಷೀನು ಎದ್ದಿರೋ ಗಂಟ ಮಾತ್ರ ಇರ್ತದೆ, ಆರಿಸಿದ್ರೆ ಕರಗೋಗ್ತದೆ. ದಿನಾ ನಾನು ಕಟ್ಟೋದು, ದಿನಾ ನೀವು ಒಡೆಯೋದು.”

“ನೀವು ಹೇಳಲಿಲ್ಲವಲ್ಲ.”

“ಆರಿಸ್ತೀರಾ ಅಂತ ಕೇಳೋದೇ ಹೊಳೀಲಿಲ್ಲ. ನಮ್ ಹೆಬ್ಬಾಳದಲ್ಲಿ ಹದಿನೈದು ವರ್ಷದಿಂದ ಇವ್ನಿ, ಒಂದು ಮಿಷೀನೂ ಆರಿಸಿದ್ದು ನೋಡಿಲ್ಲ. ನಾವು ಮನೆಗೆ ಹೋಗ್ತೀವಿ, ಅವು ಎದ್ದೇ ಇರ್ತವೆ.”

ನಮ್ಮಲ್ಲಿ ತಿರುಗುಮುರುಗು. ಆರಿಸುವುದು ಹೇಳಬೇಕಾದ ಸಂಗತಿ ಅಂತ ನನಗೆ ಯಾವತ್ತೂ ಅನಿಸಿರಲಿಲ್ಲ. ಉಸಿರಾಡಿದೆ ಅಂತ ಯಾರಾದರೂ ಹೇಳುತ್ತಾರೆಯೇ.

ಮಾದೇಶ್ ಎದ್ದು ಅದೇ ಸಾಲನ್ನು ಇನ್ನೊಮ್ಮೆ ಬರೆದರು. ಈ ಸಲ ಅದರ ನಡುವೆ ಒಂದು ಸಣ್ಣ ಗೆರೆ, ಒಂದು ಪಿ ಅಕ್ಷರ ಸೇರಿಸಿದರು. “ಪಿ ಅಂದ್ರೆ ಪರ್ಮನೆಂಟು ಅಂತ ಇಟ್ಕಳಿ. ಇದು ಕಲ್ಲು ಕಟ್ಡ. ಆದ್ರೂ ಇವತ್ತು ಆರಿಸ್ಬೇಡಿ. ಈ ಡಿಸ್ಕು ಟಿಕ್ ಟಿಕ್ ಅಂತದಲ್ಲ, ಮಲಗಿ ಮಲಗಿ ಏಳೋದ್ರಲ್ಲೇ ಇದಕ್ಕೆ ಸುಸ್ತು. ಮಿಕ್ಕಿದ್ದೆಲ್ಲ ಒಟ್ಗೆ ಎಳೆದು ಹಾಕಿವ್ನಿ. ಪಾಡಿಗೆ ಅದು ಹೋಗ್ಲಿ.”

ಸುಕನ್ಯಾ ಸ್ಟೂಲಿನಿಂದ, “ಮಿಸ್, ಕೈ ಕಟ್ಕೊಂಡು ಮನೆಗೆ ಹೋಗಿ, ಸ್ವಿಚ್ ಕಡೆ ಹೋಗ್ಬೇಡಿ” ಅಂದಳು.

ಆ ಸಂಜೆ ಬೀಗ ಹಾಕಿ ಗೇಟಿನವರೆಗೂ ಹೋಗಿ ಎರಡು ಸಲ ಹಿಂತಿರುಗಿ ನೋಡಿದೆ. ಗ್ಯಾರೇಜಿನ ಕಿಟಕಿಯಲ್ಲಿ ಪರದೆಯ ನೀಲಿ ಬೆಳಕು ಕಾಣುತ್ತಿತ್ತು. ಆ ರೂಮಿನಲ್ಲಿ ಬೆಳಕು ಬಿಟ್ಟು ನಾನು ಹೊರಟದ್ದು ಅದೇ ಮೊದಲು. ಯಾರೋ ಒಳಗೆ ಕೂತು ಇನ್ನೂ ಕೆಲಸ ಮಾಡುತ್ತಿರುವ ಹಾಗಿತ್ತು. ಬೆಳಿಗ್ಗೆ ಕಾಫಿ ಕೂಡ ಕುಡಿಯದೆ ಏಳು ಗಂಟೆಗೆ ಹೋದೆ. ಇಪ್ಪತ್ತಾರು ಅಧ್ಯಾಯ ಹೋಗಿ, ಇಪ್ಪತ್ತೇಳನೆಯದು ದಾರಿಯಲ್ಲಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಮೂವತ್ತೆಂಟೂ ಸಂಪಿಗೆ ಮರ ದಾಟಿದ್ದವು.

ಒಂದು ಕೆಲಸ ಉಳಿದಿತ್ತು. ಕೊನೆಯ ಆ ಅಧ್ಯಾಯಗಳ ಬಾಲ ಕತ್ತರಿಸಿ ಕೊಡುತ್ತೇನೆ ಅಂತ ಸುಕನ್ಯಾಗೆ ಹೇಳಿದೆ. ಕೆಲಸ ಅಚ್ಚುಕಟ್ಟಾಗಿರಬೇಕಲ್ಲ.

“ಬ್ಯಾಡಿ ಮಿಸ್. ಅದು ಬಂದ್ರೆ ಅಧ್ಯಾಯ ಮುಗೀತು, ನಾನೂ ಏಳ್ಬೋದು ಅಂತ ಗೊತ್ತಾಗ್ತದೆ. ಇರ್‍ಲಿ ಬುಡಿ.”

ಬಿಟ್ಟೆ. ಮಾದೇಶ್ ಕೊನೆಯ ಸಲ ಬಂದಾಗ, “ಈಗಾದ್ರೂ ಆ ಸತ್ತ ಮೋಡೆಮ್ ಬಾಗ್ಲು ತೆಗೀಲಾ?” ಅಂದರು. “ಅದೂ ಇರಲಿ” ಅಂದೆ. ತಲೆಯಾಡಿಸಿ ಕಾಫಿ ಕುಡಿದು ಬಸ್ಸಿಗೆ ಹೋದರು. ಸುಕನ್ಯಾ ಪಾಸಾದಳು, ಈಗ ಚಾಮರಾಜನಗರದಲ್ಲಿ ಟೀಚರ್. ನಾನು ಮೇನ್ ಸ್ವಿಚ್ಚಿನ ಮೇಲೆ ನನ್ನ ಕಾನ್ವೆಂಟ್ ಅಕ್ಷರದಲ್ಲಿ ‘ಆರಿಸಬೇಡಿ’ ಅಂತ ಬರೆದು ಅಂಟಿಸಿದೆ. ಆಮೇಲೆ ಹೊಸ ಹುಡುಗಿಯರೂ ಅಲ್ಲಿಂದಲೇ ಬೇರೆ ಬೇರೆ ಪುಸ್ತಕ ಎಳೆದುಕೊಳ್ಳುತ್ತಿದ್ದರು. ಮೂರು ವರ್ಷ ಆ ಸ್ವಿಚ್ಚನ್ನು ಯಾರೂ ಮುಟ್ಟಲಿಲ್ಲ.

ಹೋದ ವಾರ ಆಟೋದವರು ಕಂಪ್ಯೂಟರನ್ನು ಗೋಣಿಚೀಲ ಸುತ್ತಿ ಎತ್ತಿಕೊಂಡು ಹೋದರು. ಲೀಲಾಳ ಚೀಟಿಯನ್ನು ಕಿತ್ತು ಪರ್ಸಿನಲ್ಲಿ ಇಟ್ಟುಕೊಂಡೆ. ಮೇಜಿನ ಮೇಲೆ ಧೂಳಿನ ಒಂದು ಚೌಕ ಉಳಿಯಿತು. ತಲೆಯ ಮೇಲೆ ಫ್ಯಾನ್ ಸುಮ್ಮನೆ ತಿರುಗುತ್ತಿತ್ತು. ರೂಮಿನಲ್ಲಿ ಈಗ ಎದ್ದಿರಬೇಕಾದದ್ದು ಯಾವುದೂ ಇರಲಿಲ್ಲ.

ಮತ್ತೆ ಪರೀಕ್ಷೆಯ ಕಾಲ. ಹಾಸ್ಟೆಲಿನ ಮೂಲೆ ರೂಮಿನ ಕಿಟಕಿ ತೆರೆದಿತ್ತು, ಯಾರೋ ಹುಡುಗಿ ಪಾಠ ಕೇಳುತ್ತಿದ್ದಳು. ದನಿ ಸಂಪಿಗೆ ಮರ ದಾಟಿ ಬರುತ್ತಿತ್ತು. ತೂಬಿನ ಮಾತು ಮುಗಿದು ಕೋಡಿಯ ಮಾತು ಶುರುವಾಗಿತ್ತು. ಇನ್ನು ಹತ್ತು ನಿಮಿಷ ಅಂತ ಗೊತ್ತಿತ್ತು, ನನಗೂ ಈಗ ಬಾಯಿಪಾಠ. ಆಟೋದವರು ಹೊರಟುಹೋದರು. ನಾನು ಸ್ವಿಚ್ಚಿನ ಮೇಲಿನ ಕಾಗದವನ್ನು ಉಗುರಿನಲ್ಲಿ ನಿಧಾನವಾಗಿ ಬಿಡಿಸಿ, ಕೈ ಅಲ್ಲೇ ಇಟ್ಟುಕೊಂಡು ಕಾದು ನಿಂತೆ.

ಕಾಲುವೆ ಬಂತು. ಪುಸ್ತಕ ಮುಚ್ಚಿತು. ರೈಲು ಹೋಯಿತು.

“ಆಯ್ತು ಕಣೇ ಜಯಾ. ಮೇನ್ ಆರಿಸು, ಹೊರಡೋಣ.”

ಆರಿಸಿ, ಬೀಗ ಹಾಕಿಕೊಂಡು ಹೊರಟೆ.